ಪಟ್ಟಿಗೆ ಹಚ್ಚಿದ ಕುಂಕುಮ

ಅಂಧೇರಿ ಪೂರ್ವ, ಮುಂಬಯಿ
ಜುಲೈ 6, 2025, ಭಾನುವಾರ

ಪ್ರೀತಿಯ ಶ್ರಾವ್ಯಾ,

ಆರೋಗ್ಯವಾಗಿದ್ದೀಯಾ? ಉಡುಪಿಯಲ್ಲಿ ಮಳೆ ಜೋರಂತೆ. ಬಾವಿಯ ನೀರು ಕದಡಿದ್ದರೆ ಕುದಿಸಿಯೇ ಕುಡಿ. ಕಳೆದ ತಿಂಗಳು ನಿನಗೆ ನಾಲ್ಕು ದಿನ ಜ್ವರವಿತ್ತು ಎಂದು ನಿನ್ನ ಯಕ್ಷಿತಾ ಮಾಮಿ ಮೊನ್ನೆ ಬಾಯಿತಪ್ಪಿ ಹೇಳಿದಳು. ಜ್ವರ ಇರುವಾಗ ನನಗೆ ಯಾಕೆ ಹೇಳಲಿಲ್ಲ ಎಂದರೆ, "ಶ್ರಾವ್ಯಾ ಬೇಡ ಅಂದಳು ಅಜ್ಜಿ" ಎಂದಳು. ಇರಲಿ. ಆ ಲೆಕ್ಕ ನೀನು ಬಂದ ಮೇಲೆ ನೋಡೋಣ. ಇಲ್ಲಿ ನಿನ್ನ ಅಪ್ಪನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ನಾನು ಡಬ್ಬಿಗೆ ಬೀಗ ಹಾಕಿದ್ದೇನೆ. ನಿನ್ನ ಅಮ್ಮ ಎಂದಿನಂತೆ ಎಂಟೂ ಹತ್ತರ ಲೋಕಲ್ ಹಿಡಿದು ಫೋರ್ಟಿನ ಬ್ಯಾಂಕಿಗೆ ಹೋಗಿ ಬರುತ್ತಿದ್ದಾಳೆ. ನನ್ನ ಮಂಡಿ ನೋವಿನ ಬಗ್ಗೆ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ: ಎರಡು ವಾರದಲ್ಲಿ ಎರಡು ಸಲ ನಿನ್ನ ವಿಶ್ವವಿದ್ಯಾಲಯದ ಮೂರು ಮಾಳಿಗೆ ಹತ್ತಿ ಇಳಿದಿದ್ದೇನೆ. ಲಿಫ್ಟ್ ಇತ್ತು. ನಾನು ಹತ್ತಲಿಲ್ಲ.

ಏಪ್ರಿಲಿನಲ್ಲಿ ಮುಂಬಯಿ ಬಿಟ್ಟು ಮಾವನ ಮನೆಗೆ ಹೋದ ನೀನು ಫೋನು ಎತ್ತದಿರುವುದರಿಂದ ಈ ಪತ್ರ. ಏಳನೆಯ ತರಗತಿಯಲ್ಲಿರುವಾಗ ಭಾನುವಾರ ಮಧ್ಯಾಹ್ನ ನನ್ನ ಪಕ್ಕ ಕೂತು ಅಳುತ್ತ ಅಳುತ್ತ ಕನ್ನಡ ಅಕ್ಷರ ಕಲಿತವಳು ನೀನು. "ಅಜ್ಜಿ, ನನ್ನ ಫ್ರೆಂಡ್ಸ್ ಯಾರೂ ಇದು ಕಲಿಯುದಿಲ್ಲ" ಎಂದು ಪೆನ್ಸಿಲ್ ಎಸೆದಿದ್ದೆ. ಎತ್ತಿಕೊಂಡು ಬಾ ಎಂದಿದ್ದೆ. ಎತ್ತಿಕೊಂಡು ಬಂದಿದ್ದೆ. ಈಗ ಆ ಕಲಿಕೆ ಉಪಯೋಗಕ್ಕೆ ಬರಲಿ. ತಡವರಿಸಿದರೂ ನೀನೇ ಓದು. ಮಾಮಿಯ ಕೈಯಲ್ಲಿ ಓದಿಸಬೇಡ. ಇದರಲ್ಲಿ ಅವಳು ಓದಬಾರದ ಒಂದು ಸಂಗತಿಯಿದೆ.

ಮೊದಲು ಸುದ್ದಿ. ನಾವು ಗೆದ್ದೆವು. ಮೊನ್ನೆ ಶುಕ್ರವಾರ ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಪತ್ರ ಬಂತು. ಏಪ್ರಿಲಿನಲ್ಲಿ ತಡೆಹಿಡಿದ ನಿನ್ನ ಪಿಎಚ್‌ಡಿ ನೋಂದಣಿಯನ್ನು ಮತ್ತೆ ಊರ್ಜಿತಗೊಳಿಸಿದ್ದಾರೆ. ನಿನ್ನ ಮೇಲಿನ ಆರೋಪಕ್ಕೆ ಆಧಾರವಿಲ್ಲ ಎಂದು ಬರೆದು, ಕೆಳಗೆ ಕಮಿಟಿಯ ಐದು ಜನ ಸಹಿ ಹಾಕಿದ್ದಾರೆ. ನಿನ್ನ ಅಮ್ಮ ಅದನ್ನು ಓದುತ್ತ ಅಡುಗೆಮನೆಯಲ್ಲೇ ಕೂತುಬಿಟ್ಟಳು, ದೋಸೆ ಕರಟಿತು. ನಾನು ಬೈಯಲಿಲ್ಲ. ಹದಿನಾಲ್ಕನೆಯ ತಾರೀಕು ಸೋಮವಾರದೊಳಗೆ ನೀನು ಖುದ್ದಾಗಿ ಬಂದು ರಿಜಿಸ್ಟರಿಗೆ ಸಹಿ ಹಾಕಬೇಕು. ಹಾಕದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ. ಇದನ್ನು ಎರಡು ಸಲ ಓದಿಕೋ.

ಇನ್ನು ಇದು ಹೇಗೆ ಆಯಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ಅದರ ನಡುವೆ ನಿನಗೆ ಗೊತ್ತಿಲ್ಲದ ಒಂದು ತುಂಡಿದೆ.

ಜನವರಿ ಒಂಬತ್ತರಂದು ಪಟ್ಟಿ ಗೋಡೆಗೆ ಬಂತು. ಇಡೀ ಇತಿಹಾಸ ವಿಭಾಗಕ್ಕೆ ಐದೇ ಸೀಟು. ನಾಲ್ಕನೆಯ ಹೆಸರು ನಿನ್ನದು. ನಾನು ಆವತ್ತೇ ಪರೇಲಿನ ನಿನ್ನ ವಿಶ್ವವಿದ್ಯಾಲಯಕ್ಕೆ ಬಂದಿದ್ದೆ, ನಿನಗೆ ನೆನಪಿದೆ. ನಿನ್ನ ಅಜ್ಜ ಸದಾನಂದರು ಹದಿನಾಲ್ಕು ವರ್ಷದವರಿರುವಾಗ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ಕೆಲಸ ಮುಗಿಸಿ ಅದೇ ಪರೇಲಿನ ಗಿರಣಿಗಳ ಓಣಿಯ ರಾತ್ರಿ ಶಾಲೆಗೆ ಹೋಗುತ್ತಿದ್ದವರು. ಒಂದೇ ಕಟ್ಟಡದ ಒಂದೊಂದು ಮಾಳಿಗೆಯಲ್ಲಿ ಕನ್ನಡ, ಮರಾಠಿ, ತೆಲುಗು, ಹಿಂದಿ ತರಗತಿ ನಡೆಯುತ್ತಿದ್ದವಂತೆ. ಆ ಶಾಲೆಯ ಚರಿತ್ರೆಯನ್ನೇ ನೀನು ಸಂಶೋಧನೆಗೆ ಆರಿಸಿಕೊಂಡಿದ್ದೆ. ಅದಕ್ಕೇ ಬಂದಿದ್ದೆ. ಬೋರ್ಡಿನ ಮುಂದೆ ನಿಂತು ಕರಡಿಗೆ ತೆಗೆದು ನಿನ್ನ ಹೆಸರಿಗೆ ಕುಂಕುಮ ಹಚ್ಚಿದೆ. ಹಚ್ಚಿದ ಮೇಲೆ ಸರಿ ಕಾಣಲಿಲ್ಲ. ಐದು ಜನ ಸಾಲಾಗಿ ಕೂತಾಗ ಒಬ್ಬಳಿಗೆ ಕುಂಕುಮ ಕೊಟ್ಟು ನಾಲ್ವರನ್ನು ಬಿಟ್ಟು ಬರುವ ಹೆಂಗಸು ನಾನಲ್ಲ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಹೆಸರಿಗೂ ಒಂದೊಂದು ಬೊಟ್ಟು ಇಟ್ಟೆ. ಐದನೆಯ ಹೆಸರಿನ ಹುಡುಗಿ ಅಲ್ಲೇ ನಿಂತಿದ್ದಳು, ಮುಸಲ್ಮಾನರ ಹುಡುಗಿ. ಇದಕ್ಕೆ ಹಚ್ಚಬಹುದೋ ಬಾರದೋ ಎಂದು ಕೈ ತಡೆದೆ. ಅವಳು ನಕ್ಕು, "ಲಗಾವೋ ಆಂಟಿ, ಮುಝೇ ಅಕೇಲಾ ಮತ್ ಛೋಡೋ" ಎಂದಳು, ಹಚ್ಚಿ, ನನ್ನೊಬ್ಬಳನ್ನೇ ಬಿಡಬೇಡಿ ಎಂದು. ಹಚ್ಚಿದೆ. ನೀನು ನಾಚಿಕೆಯಿಂದ ಕಂಬದ ಹಿಂದೆ ಹೋಗಿ ನಿಂತಿದ್ದೆ. ಬೋರ್ಡು ನೋಡಿಕೊಳ್ಳುವ ಸಿಪಾಯಿ ಮಾತ್ರ, ಕಲಬುರಗಿ ಕಡೆಯವನು, ಶರಣಬಸಪ್ಪ, ನನ್ನ ಕೈಯಿಂದ ಮೈಸೂರುಪಾಕು ತಗೊಂಡು, "ನಮ್ಮ ಬೋರ್ಡಿಗೆ ಇಪ್ಪತ್ತೆರಡು ವರ್ಷದಾಗ ಇವತ್ತ ಪೂಜಾ ಆತ್ ನೋಡ್ರಿ ಅಜ್ಜಿ" ಎಂದಿದ್ದ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹದಿನೈದು ದಿನದ ಮೇಲೆ ಒಂದು ಶಿಫಾರಸು ಚಿಟ್ಠಿ ಹುಟ್ಟಿತು. ನಮ್ಮ ಕಡೆಯ ಶಾಸಕ ಸಾಹೇಬರು ತಮ್ಮ ಹೆಸರು ಅಚ್ಚು ಹಾಕಿದ ಹಾಳೆಯಲ್ಲಿ, ಶ್ರಾವ್ಯಾ ಎಂಬ ವಿದ್ಯಾರ್ಥಿನಿ ನಮ್ಮ ಮತದಾರರ ಮನೆಯವಳು, ಈಕೆಯ ಪ್ರವೇಶದ ಕಡೆ ವಿಶೇಷ ಗಮನವಿರಲಿ ಎಂದು ಬರೆದರು. ಫೆಬ್ರವರಿಯಲ್ಲಿ ಸಾಹೇಬರು ಆ ಪಕ್ಷ ಬಿಟ್ಟು ಈ ಪಕ್ಷಕ್ಕೆ ಹಾರಿದರು. ಬಿಟ್ಟುಬಂದ ಪಕ್ಷದ ವಿದ್ಯಾರ್ಥಿಗಳಿಗೆ ಸಿಟ್ಟು. ಅವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಸಾಹೇಬರು ವಿಶ್ವವಿದ್ಯಾಲಯಕ್ಕೆ ಬರೆದ ಚಿಟ್ಠಿಗಳನ್ನೆಲ್ಲ ಹೊರಗೆ ತೆಗೆದರು. ಅದರಲ್ಲಿ ನಿನ್ನದೂ ಸಿಕ್ಕಿತು. ಹೊಡೆಯಬೇಕಾದದ್ದು ಸಾಹೇಬರಿಗೆ, ಪೆಟ್ಟು ಬಿದ್ದದ್ದು ನಿನಗೆ. ಮೂಲ ಪಟ್ಟಿಯಲ್ಲಿ ನಿನ್ನ ಹೆಸರೇ ಇರಲಿಲ್ಲ, ಚಿಟ್ಠಿ ಬಂದ ಮೇಲೆ ಎರಡನೆಯ ಪಟ್ಟಿ ಮಾಡಿ ತುರುಕಿದರು, ಗಿರಣಿಗಳ ಊರಾದ ಗಿರಣಗಾವಿನ ಚರಿತ್ರೆ ಬರೆಯಲು ಹೊರಗಿನವಳು ಪುಢಾರಿಯ ಕೈ ಹಿಡಿದು ಬಂದಳು ಎಂದು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಆಫೀಸಿನವರು ಮೂಲ ಪಟ್ಟಿ ಹುಡುಕಿದರೆ, ಸುಣ್ಣ ಬಳಿಯುವಾಗ ಫೈಲೇ ಎಲ್ಲೋ ಹೋಗಿದೆ ಎಂದರು. ಕಂಪ್ಯೂಟರಿನದ್ದು ಯಾವಾಗ ಬೇಕಾದರೂ ಬದಲಾಯಿಸಬಹುದು, ಬೋರ್ಡು ನೋಡಿದವರ ಬಾಯಿಮಾತು ಸಾಕ್ಷಿಯಲ್ಲ ಎಂದರು ದೂರು ಕೊಟ್ಟವರು. ನೋಂದಣಿಗೆ ತಡೆ ಬಿತ್ತು.

ಆವತ್ತು ನೀನು ಕ್ಯಾಂಪಸ್ಸಿನಲ್ಲಿ ಎಲ್ಲರೆದುರು ನಿಂತು ಹೇಳಿದ್ದನ್ನು ನಿನ್ನ ಗೈಡ್ ರಂಜನಾ ಮೇಡಂ ನನಗೆ ಹೇಳಿದ್ದಾರೆ. "ನಮ್ಮ ಮನೆಯಲ್ಲಿ ಯಾರೂ ಯಾರ ಬಾಗಿಲಿಗೂ ಹೋದವರಲ್ಲ. ನನ್ನ ಅಜ್ಜಿಯನ್ನು ಬಂದು ಕೇಳಿ" ಎಂದೆಯಂತೆ. ಮನೆಗೆ ಬಂದು ನಮ್ಮನ್ನೂ ಕೇಳಿದೆ. ಅಪ್ಪ ಇಲ್ಲ ಎಂದ. ಅಮ್ಮ ಇಲ್ಲ ಎಂದಳು. ನಾನು ಹಲಸಿನ ಬೀಜ ಸುಲಿಯುತ್ತಿದ್ದೆ. ನನ್ನನ್ನು ನೀನು ಕೇಳಲೇ ಇಲ್ಲ. ಕೇಳುವ ಅಗತ್ಯವೇ ಇಲ್ಲ ಎಂಬಂತೆ ನನ್ನ ಮುಖ ನೋಡಿ ಒಳಗೆ ಹೋದೆ.

ಚಿಟ್ಠಿ ಕೇಳಿದವಳು ನಾನು.

ಜನವರಿ ಇಪ್ಪತ್ತನಾಲ್ಕು, ಶುಕ್ರವಾರ, ನಮ್ಮ ಕನ್ನಡಿಗರ ಸಂಘದ ಮಹಿಳಾ ವಿಭಾಗದ ಅರಸಿನ ಕುಂಕುಮ. ಸಾಹೇಬರು ಬಂದಿದ್ದರು, ಎಲ್ಲ ಹೆಂಗಸರಿಗೂ ಸ್ಟೀಲಿನ ಡಬ್ಬಿ ಕೊಟ್ಟರು. ಅಧ್ಯಕ್ಷೆಯಾಗಿ ಶಾಲು ಹೊದಿಸಿದವಳು ನಾನು. ಹೊದಿಸುವಾಗ ಕಿವಿಯಲ್ಲಿ ಹೇಳಿದೆ, ಮೊಮ್ಮಗಳಿಗೆ ಸೀಟು ಬಂದಿದೆ, ನಿಮ್ಮದೊಂದು ಮಾತು ಇರಲಿ ಎಂದು. ಅವರು ಅಲ್ಲೇ ಬರೆಸಿ, ಸಹಿ ಹಾಕಿ, ಕವರಿಗೆ ಹಾಕಿ ನನಗೆ ಕೊಡುವಂತೆ ಫೋಟೋ ತೆಗೆಸಿಕೊಂಡು, ತಮ್ಮವನೊಬ್ಬನ ಕೈಯಲ್ಲೇ ಪರೇಲಿಗೆ ಕಳಿಸಿದರು. ಬಂದ ಸೀಟಿಗೆ ಯಾಕೆ ಮಾತು ಎಂದು ನೀನು ಕೇಳುತ್ತೀ. ಹೇಳುತ್ತೇನೆ. ನಾನು ಹತ್ತನೆಯ ತರಗತಿ ಮುಗಿಸಿ ಮದುವೆಯಾಗಿ ಈ ಊರಿಗೆ ಬಂದು ನಲವತ್ತೊಂಬತ್ತು ವರ್ಷ. ರೇಶನ್ ಕಾರ್ಡಿನಲ್ಲಿ ನನ್ನ ಹೆಸರು ಸೇರಿದ್ದು ಒಬ್ಬರ ಚಿಟ್ಠಿಯಿಂದ. ನಾವಿದ್ದ ವಠಾರದ ಚಾಳಿಗೆ ಎರಡನೆಯ ನಲ್ಲಿ ಬಂದದ್ದು ಒಬ್ಬರ ಚಿಟ್ಠಿಯಿಂದ. ನಿನ್ನ ಅಪ್ಪನಿಗೆ ಶಾಲೆ, ಗ್ಯಾಸಿನ ಸಿಲಿಂಡರು, ಅಜ್ಜನಿಗೆ ಆಸ್ಪತ್ರೆಯ ಮಂಚ, ಎಲ್ಲದಕ್ಕೂ ಯಾರದೋ ಒಂದು ಮಾತು ಬೇಕಿತ್ತು. ಕಾಗದದಲ್ಲಿ ಹೆಸರು ಬಂದರೂ ಮೇಲಿನವರ ಮಾತು ಬೀಳುವವರೆಗೆ ಅದು ನಮ್ಮದಲ್ಲ ಎಂದು ನನ್ನ ಮೈಗೇ ಅಂಟಿಹೋಗಿತ್ತು. ಎಲ್ಲಿಂದಲೋ ಬಂದು ಈ ಊರಿನಲ್ಲಿ ಬದುಕಿದವರಿಗೆ ಇದು ಗೊತ್ತು.

ಆ ಫೋಟೋವನ್ನು ನಾನೇ ಫ್ರೇಮು ಹಾಕಿಸಿ ಶೋಕೇಸಿನಲ್ಲಿಟ್ಟಿದ್ದೆ. ಕವರಿನ ಒಳಗೆ ಏನಿತ್ತು ಎಂದು ನೀವು ಯಾರೂ ಕೇಳಲಿಲ್ಲ. ಏಪ್ರಿಲಿನಲ್ಲಿ ಅದು ಶೋಕೇಸಿನಿಂದ ಕಾಣೆಯಾದದ್ದನ್ನೂ ಯಾರೂ ಗಮನಿಸಲಿಲ್ಲ. ಫ್ರಿಜ್ಜಿನ ಹಿಂದೆ ಇತ್ತು.

ಜೂನ್ ಇಪ್ಪತ್ತಕ್ಕೆ ಕಮಿಟಿಯ ನೋಟಿಸು ಬಂತು, ನಿನ್ನ ಹೆಸರಿಗೆ. ಜುಲೈ ಎರಡಕ್ಕೆ ವಿಚಾರಣೆ, ನೀನಾಗಲಿ ಮನೆಯವರಾಗಲಿ ಬಂದು ಹೇಳುವುದಿದ್ದರೆ ಹೇಳಬಹುದು. ನಿನಗೆ ಹೇಳೋಣ ಎಂದು ನಿನ್ನ ಅಮ್ಮ ತನ್ನ ತಮ್ಮ ಪ್ರೀತಮನಿಗೆ ಫೋನು ಮಾಡಿದರೆ, "ಅಕ್ಕ, ಆ ವಿಷಯ ತೆಗೆದ್ರೆ ಅವಳು ಊಟ ಬಿಡ್ತಾಳೆ, ಸುಮ್ನಿರಿ" ಎಂದ. ಸೋದರಮಾವನ ಮುದ್ದು! ಆಗ ನಾನು ನಿನ್ನ ಅಪ್ಪ ಧನರಾಜನನ್ನೂ ಅಮ್ಮ ನಮಿತಾಳನ್ನೂ ಕೂರಿಸಿ ಚಿಟ್ಠಿಯ ಸಂಗತಿ ಹೇಳಿದೆ. ನಿನ್ನ ಅಪ್ಪನ ಮುಖ ನೋಡಬೇಕಿತ್ತು. "ಅಮ್ಮ, ನೀವಾ? ನೀವಾ ಕೇಳಿದ್ದು?" ಎಂದು ಮೂರು ಸಲ ಕೇಳಿದ. ಮತ್ತೆ, "ಇದು ಇಲ್ಲೇ ಇರ್ಲಿ ಮಾರಾಯ್ರೆ, ಅಲ್ಲಿ ಹೋಗಿ ಹೇಳುದು ಬೇಡ. ಸಂಘದಲ್ಲಿ ನಿಮ್ಮ ಮರ್ಯಾದೆ ಏನಾಗ್ಬೇಕು?" ಎಂದ.  ನಿನ್ನ ಅಮ್ಮ ಎರಡು ದಿನ ನನ್ನ ತಟ್ಟೆಗೆ ಬಡಿಸುವಾಗ ಚಮಚದ ಶಬ್ದ ಮಾತ್ರ ಸ್ವಲ್ಪ ಜೋರಾಗಿತ್ತು.

ನನಗೆ ಆಗಲೂ ಬುದ್ಧಿ ಬಂದಿರಲಿಲ್ಲ ಎಂಬುದನ್ನು ಕೇಳು. ನಾನು ಮೊದಲು ಮಾಡಿದ್ದೇನು ಗೊತ್ತೇ? ಇನ್ನೊಂದು ಶಾಲು ತಂದೆ! ಈ ಸಾಹೇಬರಿಂದ ಕೆಟ್ಟದ್ದನ್ನು ಆಚೆ ಪಕ್ಷದ ಸಾಹೇಬರಿಂದ ಸರಿಮಾಡಿಸೋಣ ಎಂದು. ಸಂಘದ ಕಾರ್ಯದರ್ಶಿಯೇ ದಾರಿ ಹೇಳಿಕೊಟ್ಟ. ಅವರ ಆಫೀಸು ಪರೇಲಿನಲ್ಲೇ ಇದೆ, ಬೆಳಿಗ್ಗೆ ಹನ್ನೊಂದಕ್ಕೆ ಸಿಗುತ್ತಾರೆ ಎಂದ. ದಾದರಿನಲ್ಲಿ ಇಳಿದು ಜರಿಯಂಚಿನ ಕೆಂಪು ಶಾಲು ತಗೊಂಡು ಹೋಗಿ ಬೆಂಚಿನ ಮೇಲೆ ಕೂತೆ. ಆ ಬೆಂಚಿನಲ್ಲಿ ಎಂಟು ಜನ. ಎಲ್ಲರ ಮಡಿಲಲ್ಲೂ ಏನಾದರೊಂದು: ಹೂವಿನ ಗುಚ್ಛ, ಪೇಢೆಯ ಡಬ್ಬಿ, ತೆಂಗಿನಕಾಯಿ. ನನ್ನ ಪಕ್ಕ ಒಬ್ಬಳು ಹೆಂಗಸು, ಉತ್ತರದ ಕಡೆಯವಳು, ಮಗಳ ಮಾರ್ಕ್ಸ್ ಕಾರ್ಡು ಹಿಡಿದು ಕೂತಿದ್ದಳು. ತೋರಿಸಿದಳು. ನೂರಕ್ಕೆ ತೊಂಬತ್ತೆರಡು. ಕಾಲೇಜಿನ ಮೊದಲ ಪಟ್ಟಿಯಲ್ಲೇ ಹೆಸರು ಬಂದಿದೆಯಂತೆ. ಮತ್ತೆ ಇಲ್ಲಿಗೆ ಯಾಕೆ ಬಂದೆ ಎಂದು ನಾನು ಕೇಳಿದೆ, ನಾನೇ! ಅವಳು ಸೆರಗು ಸರಿಮಾಡಿಕೊಂಡು, "ನಂಬರ್ ತೋ ಹೈ ಮಾಜೀ, ಪರ್ ಊಪರ್ ಸೇ ಏಕ್ ಬಾತ್ ಹೋ ಜಾಯೇ ತೋ ಅಚ್ಛಾ" ಎಂದಳು, ನಂಬರೇನೋ ಇದೆ, ಮೇಲಿನಿಂದ ಒಂದು ಮಾತು ಬಿದ್ದರೆ ಒಳ್ಳೆಯದು ಎಂದು. ನನ್ನ ಮಾತು. ನನ್ನದೇ ಮಾತು, ಅವಳ ಬಾಯಿಂದ ಹಿಂದಿಯಲ್ಲಿ ಬಂತು. ತೊಂಬತ್ತೆರಡು ತಂದ ಆ ಹುಡುಗಿ ಮನೆಯಲ್ಲಿ ಏನೂ ಗೊತ್ತಿಲ್ಲದೆ ಕೂತಿರಬೇಕು ಎಂದುಕೊಂಡೆ. ಎದ್ದು, ಅವಳ ಕೈ ಹಿಡಿದು, "ಘರ್ ಜಾವ್ ಬೇಟೀ" ಎಂದೆ, ಮನೆಗೆ ಹೋಗು ಮಗಳೇ ಎಂದು. ಅವಳು ಹೋದಳೋ ಇಲ್ಲವೋ ತಿಳಿಯದು. ನಾನು ಹೊರಬಿದ್ದೆ.

ಹೊರಬಿದ್ದವಳು ನೇರ ನಿನ್ನ ವಿಶ್ವವಿದ್ಯಾಲಯಕ್ಕೆ ನಡೆದೆ. ರಂಜನಾ ಮೇಡಂಗೆ ನಿಜ ಹೇಳುವುದು ಎಂದು ತೀರ್ಮಾನಿಸಿದ್ದೆ. ಮೂರನೆಯ ಮಾಳಿಗೆಯಲ್ಲಿ ಬೋರ್ಡಿನ ಹತ್ತಿರ ಶರಣಬಸಪ್ಪ ನಿಂತಿದ್ದ. ಕಂಡವನೇ, "ಬರ್ರಿ ಬರ್ರಿ ಅಜ್ಜಿ, ಇವತ್ತ ಯಾವ ಪಟ್ಟಿಗೆ ಪೂಜಾ?" ಎಂದ. ನಾನು ಪಟ್ಟಿಯೇ ಕಳೆದುಹೋಯಿತಲ್ಲಪ್ಪ, ಅದೇ ಇದ್ದಿದ್ದರೆ ನನ್ನ ಮಗು ಊರು ಬಿಟ್ಟು ಹೋಗುತ್ತಿರಲಿಲ್ಲ ಎಂದೆ. ಅವನು ತಿರುಗಿ ಕೇಳಿದ. "ಯಾವ್ದು? ಕುಂಕುಮ ಹಚ್ಚಿದ್ದ? ಅದು ಎಲ್ಲಿ ಹೋಗ್ತದ್ರಿ, ನನ್ನ ಕಪಾಟಿನ್ಯಾಗ ಅದ!"  ಬೋರ್ಡಿನಿಂದ ಇಳಿಸಿದ ಹಾಳೆಗಳನ್ನು ವಾರಕ್ಕೊಮ್ಮೆ ರದ್ದಿಗೆ ಹಾಕುವುದು ಅವನ ಕೆಲಸ. ಇದನ್ನು ಹಾಕಲಿಲ್ಲ. "ಕುಂಕುಮ ಹಚ್ಚಿದ ಹಾಳಿ ಹ್ಯಾಂಗ್ರಿ ರದ್ದಿಗಿ ಹಾಕೂದು? ಕೈ ಬರಲಿಲ್ಲ" ಎಂದು ತನ್ನ ತಗಡಿನ ಕಪಾಟಿನ ಬಾಗಿಲು ತೆಗೆದು ತೋರಿಸಿದ. ಒಳಬದಿಗೆ ಶರಣಬಸವೇಶ್ವರರ ಚಿತ್ರ. ಅದರ ಕೆಳಗೆ ನಾಲ್ಕು ಮೂಲೆಗೂ ಟೇಪು ಅಂಟಿಸಿದ ನಿಮ್ಮ ಪಟ್ಟಿ. ವಿಭಾಗದ ಮೊಹರು, ಮೂವರ ಸಹಿ, ಐದು ಹೆಸರು, ಐದು ಕುಂಕುಮ. ಒಂದು ಮೂಲೆ ಬಿಡಿಸಿ ಹಿಂಬದಿ ತೋರಿಸಿದ: ಅವನದೇ ಅಕ್ಷರದಲ್ಲಿ, ಹಚ್ಚಿದ್ದು ಜನವರಿ ಒಂಬತ್ತು, ತೆಗೆದದ್ದು ಜನವರಿ ಹದಿನಾರು. ಪ್ರತಿ ಹಾಳೆಯ ಹಿಂದೆಯೂ ಹಾಗೆ ಬರೆದು ಸಹಿ ಹಾಕಬೇಕೆಂದು ಅವರಲ್ಲಿ ನಿಯಮವಂತೆ. ಇದನ್ನು ಇಷ್ಟು ದಿನ ಯಾಕಪ್ಪ ಹೇಳಲಿಲ್ಲ ಎಂದರೆ, "ಸಿಪಾಯಿನ್ನ ಯಾರ್ ಕೇಳ್ತಾರ್ರೀ ಅಜ್ಜಿ? ಫೈಲ್ ಹುಡುಕ್ರಿ ಅಂದ್ರು, ಹುಡುಕಿದ್ನಿ. ಫೈಲ್ ಸಿಗಲಿಲ್ಲ. ಹಾಳಿ ಅದ ಏನು ಅಂತ ಒಬ್ಬರೂ ಕೇಳಲಿಲ್ಲ" ಎಂದ. ನನ್ನ ಚೀಲದಲ್ಲಿ ಆ ಕೆಂಪು ಶಾಲು ಇತ್ತಲ್ಲ, ಅಲ್ಲೇ ಕಪಾಟಿನ ಮುಂದೆ ಬಿಡಿಸಿ ಅವನ ಹೆಗಲಿಗೆ ಹೊದಿಸಿದೆ. ಬೇಡ ಬೇಡ ಎಂದು ನಾಚಿದ. ನನ್ನ ಜೀವಮಾನದಲ್ಲಿ ಎಷ್ಟೋ ಜನಕ್ಕೆ ಶಾಲು ಹೊದಿಸಿದ್ದೇನೆ. ಸರಿಯಾದ ಹೆಗಲು ಸಿಕ್ಕಿದ್ದು ಆವತ್ತೇ.

ರಂಜನಾ ಮೇಡಂ ಎಲ್ಲ ಕೇಳಿಸಿಕೊಂಡರು. ಆ ಹೆಂಗಸು ನಿನ್ನ ಬಗ್ಗೆ ಎಷ್ಟು ಅಭಿಮಾನ ಇಟ್ಟಿದ್ದಾರೆ ಗೊತ್ತೇ? ಮೂರು ಸಲ ಅವರಿಗೂ ಬೆದರಿಕೆಯ ಫೋನು ಬಂದಿತ್ತಂತೆ, ಹೊರಗಿನವಳ ಕೈ ಬಿಡಿ ಎಂದು. "ಮೀ ಇಥಲೀಚ್ ಆಹೇ, ಮಲಾ ಕೋಣ್ ಬಾಹೇರ್ ಕಾಢತೋ ಬಘೂ" ಎಂದರಂತೆ. ನಾನು ಇಲ್ಲಿಯವಳೇ, ನನ್ನನ್ನು ಯಾರು ಹೊರಗೆ ಹಾಕುತ್ತಾರೋ ನೋಡೋಣ ಎಂದು. ಅವರು ನನಗೊಂದು ಮಾತು ಸ್ಪಷ್ಟ ಹೇಳಿದರು. ಪಟ್ಟಿ ಸಿಕ್ಕಿದ್ದು ಒಳ್ಳೆಯದಾಯಿತು, ಆದರೆ ಅರ್ಧ ಕೆಲಸ ಮಾತ್ರ. ಯಾರಿಂದಲೂ ಒತ್ತಡ ತರಿಸಿಲ್ಲ ಎಂದು ನೀನು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದೀ. ಚಿಟ್ಠಿ ನೀನೇ ತರಿಸಿದ್ದು ಎಂದಾದರೆ, ಪಟ್ಟಿ ನಿಜವಾದರೂ ಸೀಟು ಹೋಗುತ್ತದೆ. ಯಾರು ತರಿಸಿದರೆಂದು ಕಮಿಟಿಯ ಮುಂದೆ ಯಾರಾದರೂ ಹೇಳಬೇಕು. ಹಾಗಾದರೆ ಹೇಳುವವಳು ಇಲ್ಲೇ ಕೂತಿದ್ದೇನಲ್ಲ ಎಂದೆ.

ಬುಧವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಉಡುಪಿ ಸೀರೆ ಉಟ್ಟೆ. ಫ್ರಿಜ್ಜಿನ ಹಿಂದಿನ ಫೋಟೋ ತೆಗೆದು ಧೂಳು ಒರೆಸಿ ಬಟ್ಟೆಯ ಚೀಲದಲ್ಲಿ ಹಾಕಿದೆ. ಬಾಗಿಲಲ್ಲಿ ನಿನ್ನ ಅಮ್ಮ ಬ್ಯಾಂಕಿಗೆ ರಜೆ ಹಾಕಿ ಚಪ್ಪಲಿ ಮೆಟ್ಟಿ ನಿಂತಿದ್ದಳು. "ಒಬ್ರೇ ಯಾಕೆ ಹೋಗುದು ಅತ್ತೆ, ನಾನೂ ಉಂಟಲ್ಲ" ಎಂದಳು. ಎರಡು ವಾರದಲ್ಲಿ ನನ್ನೊಡನೆ ಅವಳು ಆಡಿದ ಮೊದಲ ಉದ್ದದ ಮಾತು. ಅಲ್ಲಿ ಕಮಿಟಿಯ ಕೋಣೆಯ ಹೊರಗೆ ದೂರು ಕೊಟ್ಟವರ ಗುಂಪು. ಅವರ ಮುಂದಾಳು ಸಾಯಲಿ ಎಂಬ ಹುಡುಗಿ, ನಿನ್ನ ಪಟ್ಟಿಯಲ್ಲೇ ಮೂರನೆಯವಳು, ತನ್ನ ಹೆಸರು ಬಂದದ್ದನ್ನು ಫೋನಿನಲ್ಲೇ ತಿಳಿದವಳು, ಬೋರ್ಡು ನೋಡಿರಲಿಲ್ಲವಂತೆ; ಆರನೆಯ ಸ್ಥಾನದಲ್ಲಿ ಹೊರಗುಳಿದ ತಮ್ಮ ಸಂಘಟನೆಯ ಗೆಳೆಯನಿಗಾಗಿ ಹೋರಾಡುತ್ತಿದ್ದಳು. ನನ್ನ ಸೀರೆ, ಚೀಲ, ಹಣೆಯ ಬೊಟ್ಟು ಎಲ್ಲ ನೋಡಿ, "ಆಜೀ, ಇಥೇ ಹಳದಿಕುಂಕೂ ನಾಹೀ ಬರಂ ಕಾ" ಎಂದಳು. ಎಲ್ಲರೂ ನಕ್ಕರು. ಅರಸಿನ ಕುಂಕುಮ ಇಲ್ಲಿಲ್ಲವೆಂದು ನನಗೆ ಹೇಳುತ್ತಾಳೆ! "ಬಘೂಯಾ ಬಾಳಾ" ಎಂದು ಒಳಗೆ ಹೋದೆ. ನೋಡೋಣ ಮಗೂ ಎಂದು.

ಒಳಗೆ ಐದು ಜನ. ಮೇಜಿನ ಮೇಲೆ ದಾರ ಕಟ್ಟಿದ ಚಿಟ್ಠಿಗಳ ಒಂದು ದಪ್ಪ ಕಟ್ಟು. ನಮ್ಮ ಸಾಹೇಬರ ಹೆಸರಿನ ಹಾಳೆ ಮಾತ್ರವಲ್ಲ, ಎಲ್ಲ ಪಕ್ಷದ ಬಣ್ಣಗಳೂ ಅದರ ಅಂಚಿನಲ್ಲಿ ಕಾಣುತ್ತಿದ್ದವು. ಮರಾಠಿ, ಗುಜರಾತಿ, ಉತ್ತರದವರು, ನಮ್ಮವರು, ಎಲ್ಲರ ಮಕ್ಕಳಿಗೂ ಎಲ್ಲರೂ ಬರೆಸಿದ ಚಿಟ್ಠಿ. ಈ ಊರಿನ ಎಲ್ಲ ಭಾಷೆಯವರೂ ಜಗಳವಿಲ್ಲದೆ ಒಂದೇ ಕಡೆ ಒತ್ತೊತ್ತಾಗಿ ಕೂತದ್ದನ್ನು ನಾನು ಆ ಕಟ್ಟಿನಲ್ಲಿ ನೋಡಿದೆ.

ಶರಣಬಸಪ್ಪ ಶಾಲು ಹೊದ್ದೇ ಬಂದಿದ್ದ, ಪುಣ್ಯಾತ್ಮ. ಕಪಾಟಿನ ಬಾಗಿಲಿನಿಂದ ಬಿಡಿಸಿದ ಹಾಳೆಯನ್ನು ಮೇಜಿನ ಮೇಲಿಟ್ಟ. ಅಧ್ಯಕ್ಷರು, ನಿವೃತ್ತ ಪ್ರಿನ್ಸಿಪಾಲರಂತೆ, ಕನ್ನಡಕ ಏರಿಸಿ, ಈ ಕೆಂಪು ಕಲೆ ಏನು ಎಂದರು. ನಾನು ಎದ್ದು ನಿಂತೆ. ನಲ್ಲಿಯ ಸಾಲಿನಲ್ಲಿ, ತರಕಾರಿ ಮಾರುಕಟ್ಟೆಯಲ್ಲಿ ಕಲಿತ ನನ್ನ ಮರಾಠಿಯಲ್ಲಿ ಎಲ್ಲ ಹೇಳಿದೆ. ಅವರು ಹಾಳೆಯನ್ನು ದೂರುದಾರರಿಗೂ ತೋರಿಸಿದರು. ಸಾಯಲಿ ಬಗ್ಗಿ ಓದಿದಳು. ಮೂರನೆಯ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು. "ಆಜೀ, ಮಲಾ ಪಣ್?" ಎಂದಳು. ನನಗೂ ಹಚ್ಚಿದ್ದಿರಾ ಎಂದು. ನಿನ್ನನ್ನು ಬಿಟ್ಟು ಹೇಗೆ ಹಚ್ಚಲಿ ಎಂದೆ. ಹುಡುಗಿಯ ಮುಖ ಕೆಂಪಾಯಿತು, ಕೆಟ್ಟವಳಲ್ಲ ಅವಳು. ಆದರೂ ಸೋಲಲು ಸಿದ್ಧಳಿರಲಿಲ್ಲ, ಅದು ನನಗೆ ಹಿಡಿಸಿತು. ಪಟ್ಟಿ ಸರಿಯಿದ್ದರೆ ಚಿಟ್ಠಿ ಯಾಕೆ ಬಂತು, ಯಾರು ತರಿಸಿದರು ಎಂದು ಕೇಳಿಯೇಬಿಟ್ಟಳು.  ನಮಿತಾ ನನ್ನ ಸೆರಗಿನ ತುದಿ ಹಿಡಿದದ್ದು ತಿಳಿಯಿತು.

ಚೀಲದಿಂದ ಫೋಟೋ ತೆಗೆದು ಪಟ್ಟಿಯ ಪಕ್ಕ ಇಟ್ಟೆ. ಹಿಂದಿನ ಬ್ಯಾನರಿನಲ್ಲಿ ಜನವರಿ ಇಪ್ಪತ್ತನಾಲ್ಕು ಎಂದು ದೊಡ್ಡದಾಗಿದೆ. ಮುಂದೆ ನಾನು, ಹೊಸ ಸೀರೆಯಲ್ಲಿ, ಕವರಿಗೆ ಕೈ ಚಾಚಿ ನಗುತ್ತಿದ್ದೇನೆ. "ತರಿಸಿದವಳು ಇವಳು" ಎಂದು ನನ್ನ ಮುಖದ ಮೇಲೆ ಬೆರಳಿಟ್ಟೆ. "ಹುಡುಗಿಗೆ ಗೊತ್ತಿಲ್ಲ. ಪಟ್ಟಿ ಗೋಡೆಗೆ ಬಂದು ಹದಿನೈದು ದಿನವಾದ ಮೇಲೆ ಚಿಟ್ಠಿ ಬೇಡಿದ ಮುದುಕಿ ನಾನು. ಹೊಟ್ಟೆ ತುಂಬ ಉಂಡು, ಕೈ ತೊಳೆದು, ಆಮೇಲೆ ಊಟಕ್ಕೆ ಕೈ ಚಾಚಿದವಳು. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ. ಸೀಟು ಅವಳದು, ಅವಳೇ ಬರೆದು ಪಡೆದದ್ದು." ಇದನ್ನು ನೀವು ಬರವಣಿಗೆಯಲ್ಲಿ ಕೊಡಬೇಕಾಗುತ್ತದೆ, ನಿಮ್ಮ ಸಂಘದವರಿಗೂ ತಿಳಿಯುತ್ತದೆ ಎಂದರು ಅಧ್ಯಕ್ಷರು. ಪೆನ್ನು ಕೊಡಿ ಎಂದೆ. ಕನ್ನಡದಲ್ಲಿ ಬರೆದೆ, ನಾನು ಹೇಳಿದ್ದನ್ನು ರಂಜನಾ ಮೇಡಂ ಮರಾಠಿಯಲ್ಲಿ ಬರೆದುಕೊಂಡರು, ಎರಡಕ್ಕೂ ಸಹಿ ಹಾಕಿದೆ. ಅಕ್ಷರ ನಡುಗಲಿಲ್ಲ. ನೋಡಬೇಕಿದ್ದರೆ ಫೈಲಿನಲ್ಲಿದೆ.

ಹೊರಗೆ ಬರುವಾಗ ಸಾಯಲಿ ಮೆಟ್ಟಿಲಿನ ಹತ್ತಿರ ನಿಂತಿದ್ದಳು. ದೂರು ಹಿಂದೆ ತೆಗೆಯುವುದಿಲ್ಲ, ಆ ಕಟ್ಟಿನಲ್ಲಿರುವ ಉಳಿದ ಚಿಟ್ಠಿಗಳ ಬಗ್ಗೆ ಕೇಳುತ್ತಲೇ ಇರುತ್ತೇನೆ ಎಂದಳು. ಕೇಳು, ನಿಮ್ಮ ಪಕ್ಷದವರು ಬರೆದದ್ದನ್ನೂ ಸೇರಿಸಿ ಕೇಳು ಎಂದೆ. ನಕ್ಕಳು. ಕೆಳಗಿಳಿಯಲು ನನ್ನ ಚೀಲ ಹಿಡಿದುಕೊಂಡಳು. ಶುಕ್ರವಾರದ ಪತ್ರದಲ್ಲಿ ಕೊನೆಗೊಂದು ಸಾಲಿದೆ: ಇನ್ನು ಮುಂದೆ ಪ್ರವೇಶದ ವಿಷಯದಲ್ಲಿ ಯಾರ ಶಿಫಾರಸು ಬಂದರೂ ಅದನ್ನು ಬೋರ್ಡಿನಲ್ಲಿ ಹಚ್ಚಲಾಗುವುದು. ಹಚ್ಚುವವನು ಶರಣಬಸಪ್ಪ!

ಸಂಘದಲ್ಲಿ ಗುಸುಗುಸು ಎದ್ದಿದೆ. ನಿನ್ನೆ ಸಭೆಗೆ ಹೋಗಿ ಮೊದಲ ಸಾಲಿನಲ್ಲೇ ಕೂತೆ. ಮುಂದಿನ ವರ್ಷದ ಅರಸಿನ ಕುಂಕುಮಕ್ಕೆ ಮುಖ್ಯ ಅತಿಥಿ ಯಾರು ಎಂಬ ಮಾತು ಬಂತು. ರಂಜನಾ ಮೇಡಂ ಎಂದೆ. ಸಾಹೇಬರ ಹೆಂಡತಿ ಬಂದರೆ ಕುಂಕುಮ ಕೊಡೋಣ, ಉಪ್ಪಿಟ್ಟು ಕೊಡೋಣ, ಸಾಹೇಬರು ಚಿಟ್ಠಿ ಬರೆಯುವ ಹಾಳೆ ಮನೆಯಲ್ಲಿಟ್ಟು ಬರಲಿ ಎಂದೆ. ಎದುರಾಡಿದವರು ಯಾರೂ ಇಲ್ಲ. ಶೋಕೇಸಿನಲ್ಲಿ ಫೋಟೋ ಇದ್ದ ಜಾಗದಲ್ಲಿ ಈಗ ನಿಮ್ಮ ಪಟ್ಟಿಯ ಬಣ್ಣದ ಝೆರಾಕ್ಸು ಇದೆ. ಕುಂಕುಮ ಚೆನ್ನಾಗಿ ಬಂದಿದೆ.

ಪ್ರೀತಮನಿಗೂ ಯಕ್ಷಿತಾಳಿಗೂ ನನ್ನ ಆಶೀರ್ವಾದ ತಿಳಿಸು. ನಿನ್ನನ್ನು ಇಷ್ಟು ದಿನ ನೋಡಿಕೊಂಡದ್ದಕ್ಕೆ ಅವರಿಗೆ ಒಳ್ಳೆಯದಾಗಲಿ. ಬರುವಾಗ ಅವರ ಹಿತ್ತಲಿನ ಕೆಸುವಿನ ಎಲೆ ತಾ. ಪತ್ರೊಡೆ ಮಾಡಿ ಆ ಸಿಪಾಯಿಗೆ ಒಂದು ಡಬ್ಬಿ ಕೊಡಬೇಕು. ನೀನು ಓದಿ ದೊಡ್ಡವಳಾಗು. ನಿನ್ನ ಅಜ್ಜ ಹತ್ತಿದ ಮೆಟ್ಟಿಲುಗಳ ಕಥೆ ನಿನ್ನ ಕೈಯಿಂದಲೇ ಬರಲಿ.

ನಿನ್ನ ಅಜ್ಜಿ,
ವಿನೋದಿನಿ

ಮರೆತದ್ದು: ಧನರಾಜ ಪೋಸ್ಟಿಗೆ ಹಾಕಲು ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಇಷ್ಟು ಪುಟ ಬರೆದೂ ಒಂದು ಬರೆಯಲಿಲ್ಲ. ಕಮಿಟಿಯ ಮುಂದೆ ಹೇಳಿದ್ದು ಸುಲಭವಿತ್ತು. ಆ ಗೋಡೆಯ ಮೇಲೆ ನಿನ್ನ ಹೆಸರನ್ನು ನನ್ನ ಕಣ್ಣಾರೆ ಓದಿ, ಬೆರಳಿನಿಂದ ಮುಟ್ಟಿ, ಆದರೂ ಅದು ಸಾಲದು ಅಂದುಕೊಂಡೆ. ಚಿಟ್ಠಿ ಬೇಡಿದ್ದಕ್ಕಿಂತ ಅದು ದೊಡ್ಡದು. ತಪ್ಪಾಯಿತು ಮಗಾ. ಶುಕ್ರವಾರದ ಮತ್ಸ್ಯಗಂಧಕ್ಕೆ ನಿನ್ನ ಟಿಕೆಟು ಅಪ್ಪ ಮಾಡಿಸಿದ್ದಾನೆ. ಸ್ಟೇಶನ್ನಿಗೆ ನಾನೇ ಬರುತ್ತೇನೆ. ಇನ್ನೊಂದು ಸಲ ಹೇಳುವುದಿದ್ದರೆ ಅಲ್ಲಿ ನಾನೇ ಹೇಳುತ್ತೇನೆ, ಯಾರ ಕೈಯಲ್ಲೂ ಹೇಳಿಸುವುದಿಲ್ಲ.